ಸೊಸೆಯ ಮೂಗು

ಜೋಳದ ಬೀರು ಕಾಯಿಸುವ ಹೆಂಗಸಿಗೆ ಕಣ್ಣು ಮಂಜಾದರೂ ನಡೆಯುತ್ತದೆ. ಕಿವಿ ಮಂದವಾದರೂ ಹೇಗೋ ಸಂಭಾಳಿಸಬಹುದು. ಮೂಗು ಹೋದರೆ ಮಾತ್ರ ಕಸುಬೇ ಹೋದಂತೆ. ಮಾಖೋತ್ಸೊಳ ಮೂಗು ಹೋಗಿ ಆಗಲೇ ಒಂದು ಚಳಿಗಾಲ ಕಳೆದಿತ್ತು, ಊರಿಗಿನ್ನೂ ಆ ಸುದ್ದಿ ತಿಳಿದಿರಲಿಲ್ಲ.

ಗುಡ್ಡದ ನೆತ್ತಿಯ ಮೇಲೆಲ್ಲ ಹಿಮ ಬಿದ್ದಿದ್ದ ವಾರ ಅವಳಿಗೆ ಜ್ವರ ಬಂದಿತ್ತು. ಜ್ವರ ಬಿಟ್ಟಿತು, ಕೆಮ್ಮೂ ಬಿಟ್ಟಿತು. ಒಂದು ಬೆಳಗ್ಗೆ ಬೆರಣಿ ಉರಿಯ ಮುಂದೆ ಕೂತು ಚಳಿ ಕಾಯಿಸುತ್ತಿದ್ದವಳಿಗೆ ಹೊಗೆ ಕಣ್ಣಿಗೆ ಉರಿಯುತ್ತಿದೆ, ಮೂಗಿಗೆ ಮಾತ್ರ ಏನೂ ತಿಳಿಯುತ್ತಿಲ್ಲ ಅನ್ನುವುದು ಗೊತ್ತಾಯಿತು. ನೆಗಡಿ ಇರಬೇಕು ಅಂದುಕೊಂಡಳು. ಈರುಳ್ಳಿ ಹಿಂಡಿ ಮೂಸಿದಳು, ಸೀಮೆಎಣ್ಣೆ ಡಬ್ಬಿಯ ಮುಚ್ಚಳ ತೆಗೆದು ಮೂಸಿದಳು. ಕೊನೆಗೆ ಯಾರೂ ನೋಡದ ಹೊತ್ತಲ್ಲಿ ಕುರಿದೊಡ್ಡಿಗೆ ಹೋಗಿ ನಿಂತು ಉಸಿರೆಳೆದಳು. ಬರೀ ತಣ್ಣನೆಯ ಗಾಳಿ. ನಾಲಿಗೆಗೆ ಹುಳಿ, ಉಪ್ಪು ಇಷ್ಟು ತಿಳಿಯುತ್ತಿತ್ತು. ಉಳಿದ ರುಚಿಯೆಲ್ಲ ಮೂಗಿನ ಜೊತೆಗೇ ಹೋಗಿತ್ತು.

ಬೇರೆ ಯಾರಿಗಾದರೂ ಆಗಿದ್ದರೆ ನಾಲ್ಕು ಜನರ ಹತ್ತಿರ ಹೇಳಿಕೊಂಡು ಗೋಳಾಡಿ ಹಗುರಾಗುತ್ತಿದ್ದರು. ಮಾಖೋತ್ಸೊಗೆ ಆ ಭಾಗ್ಯ ಇರಲಿಲ್ಲ. ಅವಳ ಮನೆಯ ಗಳದ ತುದಿಗೆ ಬಿಳಿ ಬಟ್ಟೆ ಏರಿತೆಂದರೆ, ಅಂದರೆ ಈ ಮನೆಯಲ್ಲಿ ಬೀರು ಹದಕ್ಕೆ ಬಂದಿದೆ ಎಂದರೆ, ಆಚೆ ಕಣಿವೆಯವರೂ ಕುದುರೆ ಏರಿ ಬರುತ್ತಿದ್ದರು. ಅದು ಹೋಗಲಿ. ಊರ ಹೆಂಗಸರು ತಮ್ಮ ಮಡಕೆಯ ಬೀರನ್ನು ಸೋರೆಬುರುಡೆಯಲ್ಲಿ ತಂದು ಅವಳ ಮುಂದೆ ಹಿಡಿದು ತೀರ್ಪು ಕೇಳುತ್ತಿದ್ದರು. ಇವಳು ಒಂದು ಸಲ ಮೂಸಿ, ಒಂದು ಗುಟುಕು ಕುಡಿದು, “ಮೊಳಕೆ ಕಟ್ಟಿದ ಜೋಳಾನ ನೆರಳಲ್ಲಿ ಒಣಗಿಸಿದೀಯಾ, ಸೋಮಾರಿ” ಅನ್ನುವಳು. ಅಥವಾ, “ಮಡಕೆ ತೊಳೆಯೋಕೆ ಸೋಪು ಹಾಕ್ದೆ ಅಲ್ವಾ? ಇದನ್ನ ಕುಡಿಯೋ ಬದ್ಲು ಬಟ್ಟೆ ಒಗಿ” ಅನ್ನುವಳು. ಹೇಳಿದ್ದು ಎಂದೂ ಸುಳ್ಳಾಗುತ್ತಿರಲಿಲ್ಲ, ಹೇಳುವ ರೀತಿಯಲ್ಲಿ ಎಂದೂ ಕರುಣೆ ಇರುತ್ತಿರಲಿಲ್ಲ. ಊರಿನ ಅಷ್ಟೂ ಮಡಕೆಗಳಿಗೆ ಹೆಸರಿಟ್ಟವಳು ಈಗ ಯಾವ ಬಾಯಿಂದ ತನಗೆ ಮೂಗಿಲ್ಲ ಅಂದಾಳು?

ಹಾಗಾಗಿ ಬಾಯಿಗೆ ಬೀಗ ಹಾಕಿಕೊಂಡು, ಉಳಿದ ಅಂಗಗಳನ್ನು ಕೆಲಸಕ್ಕೆ ಹಚ್ಚಿದಳು. ಗಂಜಿ ಹೆಪ್ಪು ಹಾಕುವಷ್ಟು ತಣಿದಿದೆಯೇ ಅನ್ನುವುದನ್ನು ಮೊಣಕೈ ಅದ್ದಿ ತಿಳಿದಳು. ಮಡಕೆಗೆ ಕಿವಿ ಹಚ್ಚಿದರೆ ಒಳಗೆ ಹುದುಗು ಏಳುವ ಸದ್ದು ಕೇಳುತ್ತದೆ. ಸಣ್ಣ ಮಳೆ ಹುಲ್ಲಿನ ಮಾಡಿನ ಮೇಲೆ ಬಿದ್ದ ಹಾಗೆ. ಆ ಸದ್ದು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಅನ್ನುವುದು ಅವಳಿಗೆ ಬಾಯಿಪಾಠ. ನೊರೆಯ ಗುಳ್ಳೆ ದಪ್ಪವೋ ಸಣ್ಣವೋ ಅನ್ನುವುದನ್ನು ಕಣ್ಣು ಹೇಳುತ್ತಿತ್ತು. ಆದರೆ ಒಂದು ವಿಷಯವಿದೆ. ಒಳ್ಳೆಯ ಹುಳಿಯೂ ಹುಳಿ, ಕೆಟ್ಟ ಹುಳಿಯೂ ಹುಳಿ. ಸದ್ದು ಅದೇ, ನೊರೆಯೂ ಅದೇ. ಎರಡರ ನಡುವಿನ ಗೆರೆಯನ್ನು ದೇವರು ಮೂಗಿಗೆ ಮಾತ್ರ ತೋರಿಸಿಕೊಟ್ಟಿದ್ದಾನೆ.

ಆ ಗೆರೆಗೆ ಅವಳು ಸೊಸೆಯನ್ನು ಹಿಡಿದುಕೊಂಡಳು.

ಸೊಸೆಯ ಹೆಸರು ಮಾದಿಂಫೊ. ಲೆಸೊಥೊದಲ್ಲಿ ಮದುಮಗಳು ಹೊಸ್ತಿಲು ದಾಟಿದ ದಿನವೇ ಅವಳಿಗೆ ‘ಮಾ’ ಸೇರಿಸಿ ಇಂಥವರ ತಾಯಿ ಎಂದು ಹೆಸರಿಟ್ಟುಬಿಡುತ್ತಾರೆ. ಮಗು ಆಮೇಲೆ ಬಂದು ಆ ಹೆಸರನ್ನು ತುಂಬಬೇಕು. ಮಾಖೋತ್ಸೊಗೆ ಮದುವೆಯಾದ ವರ್ಷವೇ ಖೋತ್ಸೊ ಹುಟ್ಟಿದ್ದ. ದಿಂಫೊ ಮಾತ್ರ ಇನ್ನೂ ಬಂದಿರಲಿಲ್ಲ. ಒಮ್ಮೆ ಬಸಿರು ನಿಂತಿತ್ತು, ಉಳಿಯಲಿಲ್ಲ. ಅದರ ಮಾತು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಮಾದಿಂಫೊ ಜಿಯೋನ್ ಎಂಬ ಕ್ರೈಸ್ತ ಸಭೆಗೆ ಸೇರಿದವಳು. ಭಾನುವಾರ ಹಸಿರು ಬಿಳಿ ಅಂಗಿ ತೊಟ್ಟು ಹೋಗಿ ಹಾಡುವವಳು, ಬೀರನ್ನು ತುಟಿಗೂ ತಾಗಿಸದವಳು. ಜೋಳ ನೆನೆಹಾಕುವುದು, ಮೊಳಕೆ ಬೀಸುವುದು, ನೀರು ಹೊರುವುದು ಎಲ್ಲ ಮಾಡುವಳು. ರುಚಿ ನೋಡು ಅಂತ ಅವಳಿಗೆ ಹೇಳುವ ಹಾಗಿರಲಿಲ್ಲ. ಆದರೆ ಮೂಸಬಾರದು ಅಂತ ಯಾವ ಸಭೆಯೂ ಕಟ್ಟುಮಾಡಿಲ್ಲವಲ್ಲ. ಹದದ ಹೊತ್ತಿಗೆ ಮಾಖೋತ್ಸೊ ಕೂಗುವಳು: “ಏ ಹುಡುಗಿ, ಬಾ ಇಲ್ಲಿ, ಮುಚ್ಚಳ ಹಿಡ್ಕೋ. ನನ್ನ ಸೊಂಟ ಬಗ್ಗಲ್ಲ.” ಸೊಸೆ ಬಗ್ಗಿ ಮುಚ್ಚಳ ಎತ್ತುವಳು. ಅತ್ತೆ ಮಡಕೆಯ ಬದಲು ಸೊಸೆಯ ಮುಖ ನೋಡುವಳು. ಹದ ಬಂದಿದ್ದರೆ ಹುಬ್ಬು ಮೇಲೇರಿ ಮುಖ ಅರಳುವುದು. ಇನ್ನೂ ಹಸಿಯಿದ್ದರೆ ತುಟಿ ಒಂದು ಕಡೆಗೆ ಸೊಟ್ಟಗಾಗುವುದು. ವಸಂತದಲ್ಲಿ ಒಂದು ಮಡಕೆ ಕೆಟ್ಟಿದ್ದಾಗ ಮೂಗಿನ ಹೊಳ್ಳೆ ಎರಡೂ ಮುಚ್ಚಿಕೊಂಡು ಇಡೀ ಮುಖ ಒಣಗಿದ ಪೀಚ್ ಹಣ್ಣಾಗಿತ್ತು. ಮಾಖೋತ್ಸೊ ತಾನೇ ಮೂಸಿದವಳ ಗತ್ತಿನಲ್ಲಿ, “ಹೂಂ, ಇದು ಕೆಟ್ಟಿದೆ, ಚೆಲ್ಲು” ಅಂದಿದ್ದಳು. ಇಷ್ಟು ದೊಡ್ಡಕ್ಷರದಲ್ಲಿ ಬರೆದ ಮುಖವನ್ನು ಅವಳು ಬೇರೆಲ್ಲೂ ನೋಡಿರಲಿಲ್ಲ. ಪಾಪದ ಹುಡುಗಿ, ಒಳಗಿನದೇನನ್ನೂ ಮುಚ್ಚಿಡಲು ಬರುವುದಿಲ್ಲ ಅಂದುಕೊಂಡು ಒಳಗೊಳಗೇ ನಗುತ್ತಿದ್ದಳು.

ಹೀಗೆ ಎರವಲು ಮೂಗಿನಲ್ಲಿ ಬೇಸಿಗೆ, ಅದರ ನಡುವೆ ಬರುವ ಕ್ರಿಸ್ಮಸ್ಸು, ಎರಡೂ ಕಳೆದವು. ಈಗ ಬಂದಿದ್ದು ಗಂಡನ ಕಲ್ಲಿನ ದಿನ.

ಗಂಡ ತೀರಿ ಸಮಾಧಿಯ ಮೇಲೆ ಹುಲ್ಲು ಬೆಳೆದಿತ್ತು. ಮಗ ಖೋತ್ಸೊ ಕಲ್ಲುಕುಟಿಗ. ಅಪ್ಪನ ಸಮಾಧಿಗಾಗಿ ಒಳ್ಳೆಯ ಮರಳುಗಲ್ಲು ಆರಿಸಿ ತಾನೇ ಕೆತ್ತಿದ್ದ. ಶನಿವಾರ ಕಲ್ಲಿನ ಮೇಲಿನ ಕಂಬಳಿ ಸರಿಸಿ, ಹಿರಿಯರನ್ನು ನೆನೆದು, ಮೊದಲ ಬುರುಡೆ ಬೀರನ್ನು ಮಣ್ಣಿಗೆ ಎರೆಯಬೇಕು. ಸಾಯುವ ಮುಂಚೆ ಮುದುಕ, ಹಾಸಿಗೆಯಲ್ಲಿ ಮಲಗಿದ್ದಲ್ಲೇ, “ನನ್ನ ಕಲ್ಲಿನ ದಿನ ಬೇರೆ ಮನೆ ಬೀರು ತಂದು ಸುರಿದ್ಯೋ, ಎದ್ದು ಬಂದ್ಬಿಡ್ತೀನಿ ನೋಡು” ಅಂದಿದ್ದ. ಅವನ ತಮಾಷೆ ಅದು. ಮಾಖೋತ್ಸೊಗೆ ಅದು ತಮಾಷೆಯಾಗಿ ಉಳಿದಿರಲಿಲ್ಲ. ಬಾಳಿಡೀ ಅವಳು ಮಾಡಿದ್ದನ್ನು ಕುಡಿದು ತುಟಿ ಚಪ್ಪರಿಸಿದವನು ಅವನು. ಕೊನೆಯ ಸಲ ಅವನಿಗೆ ಎರೆಯುವುದು ಹದ ತಪ್ಪಿದರೆ ಅವಳು ತನ್ನನ್ನು ತಾನು ಕ್ಷಮಿಸಿಕೊಳ್ಳಲಾರಳು.

ಕೆಂಜೋಳವನ್ನು ತಾನೇ ಆರಿಸಿದಳು. ಗೋಣಿಯಲ್ಲಿ ನೆನೆಸಿ, ಮೊಳಕೆ ಬಿಡಿಸಿ, ಬಂಡೆಯ ಮೇಲೆ ಒಣಹಾಕಿ ಕೋಳಿಗಳನ್ನು ಬೈಯುತ್ತ ಕಾದಳು. ಒಣಗಿದ ಮೊಳಕೆಯನ್ನು ಸೊಸೆ ಬೀಸಿದಳು. ಹಿಟ್ಟು ಹುಳಿಗಿಟ್ಟು, ಗಂಜಿ ಬೇಯಿಸಿ, ತಣಿಸಿ, ಮೊಳಕೆಹಿಟ್ಟು ಬೆರೆಸಿ, ಹಿಂದಿನ ಬೀರಿನಿಂದ ಎತ್ತಿಟ್ಟ ಹೆಪ್ಪು ಹಾಕಿ ಮೂರು ದೊಡ್ಡ ಮಡಕೆಗಳಿಗೆ ತುಂಬಿದಳು. ರಾತ್ರಿಗಳು ತಣ್ಣಗಾಗತೊಡಗಿದ್ದವು. ಮೂರನೆಯ ಮಡಕೆಗೆ ಗಂಡನ ಉಣ್ಣೆ ಕಂಬಳಿಯನ್ನೇ ಹೊದಿಸಿ ಪಿನ್ನು ಚುಚ್ಚಿದಳು. ಅವನು ಅದನ್ನು ಹೊದ್ದಾಗಲೂ ಹೆಗಲ ಮೇಲೆ ಹೀಗೇ ಚುಚ್ಚುತ್ತಿದ್ದಳು.

ಶುಕ್ರವಾರ ಬೆಳಗ್ಗೆ ಕಿವಿ ಹಚ್ಚಿದಳು. ಸದ್ದು ಇಳಿದು ಹದಕ್ಕೆ ಬಂದಿತ್ತು. ನೊರೆ ಸಣ್ಣಗೆ, ಒತ್ತಾಗಿ ನಿಂತಿತ್ತು. ಮನಸ್ಸು ಹಗುರಾಯಿತು. ಇನ್ನು ಸೊಸೆಯ ಮೂಗಿನ ಮುದ್ರೆ ಒಂದು ಬಿದ್ದರೆ ಆಯಿತು.

“ಏ ಹುಡುಗಿ, ಮುಚ್ಚಳ!”

ಮಾದಿಂಫೊ ಬಂದಳು. ಮುಖ ಯಾಕೋ ಬಿಳಿಚಿಕೊಂಡಿತ್ತು. ಬಗ್ಗಿ ಮೊದಲ ಮಡಕೆಯ ಮುಚ್ಚಳ ಎತ್ತಿದಳು. ಹುಬ್ಬು ಮೇಲೇರಲು ಹೋಗಿ ಅಲ್ಲೇ ನಿಂತಿತು. ಹೊಳ್ಳೆಗಳು ಮುಚ್ಚಿಕೊಂಡವು, ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿತು.

ಮಾಖೋತ್ಸೊ ಒಂದು ಹೆಜ್ಜೆ ಮುಂದೆ ಬಂದಳು. “ಏನೇ?”

“ಏನಿಲ್ಲ ಅತ್ತೆ.”

“ಇನ್ನೊಂದು ತೆಗಿ.”

ಎರಡನೆಯದಕ್ಕೂ ಅದೇ ಮುಖ, ಇನ್ನೂ ಜೋರಾಗಿ. ಕಂಬಳಿ ಸರಿಸಿ ಮೂರನೆಯ ಮುಚ್ಚಳ ಎತ್ತಿದ್ದೇ ತಡ, ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು, ಮುಚ್ಚಳವನ್ನು ಅಲ್ಲೇ ಬಿಟ್ಟು, ಮನೆಯ ಹಿಂದಕ್ಕೆ ಓಡಿಹೋದಳು.

ಮಾಖೋತ್ಸೊ ಮಡಕೆಗಳ ಮುಂದೆ ಒಬ್ಬಳೇ ನಿಂತಳು. ಮತ್ತೆ ಕಿವಿ ಹಚ್ಚಿದಳು. ಕಿವಿ, ಚೆನ್ನಾಗಿದೆ ಅಂದಿತು. ಒಂದು ಗುಟುಕು ಕುಡಿದಳು. ನಾಲಿಗೆ, ಹುಳಿಯಿದೆ ಅಂದಿತು, ಎಂಥ ಹುಳಿ ಅಂತ ಹೇಳಲಿಲ್ಲ. ಸೊಸೆಯನ್ನು ಕರೆದು ಬಾಯಿಬಿಟ್ಟು ಕೇಳಿದರೆ ಮುಗಿಯುತ್ತಿತ್ತು. ಅದನ್ನೊಂದು ಬಿಟ್ಟು ಬೇರೆಲ್ಲ ಯೋಚಿಸಿದಳು. ಹೆಪ್ಪು ಕೆಟ್ಟಿರಬೇಕು, ಅದಕ್ಕೇ ಮೂರೂ ಕೆಟ್ಟಿವೆ. ಮೊಳಕೆಗೆ ಬೂಷ್ಟು ಹಿಡಿದಿತ್ತೋ ಏನೋ, ಮೂಗಿದ್ದಿದ್ದರೆ ಬಂಡೆಯ ಮೇಲೆಯೇ ಗೊತ್ತಾಗುತ್ತಿತ್ತು. ವಾಸನೆಗೇ ಹೊಟ್ಟೆ ತೊಳಸಿ ಓಡುವಷ್ಟು ಕೆಟ್ಟದ್ದನ್ನು ನಾಳೆ ಗಂಡನ ತಲೆಯ ಮೇಲೆ ಎರೆಯುವುದೇ? ಬಂದವರೆಲ್ಲ ಮರ್ಯಾದೆಗೆ ಒಂದು ಗುಟುಕು ಕುಡಿದು ಮುಖ ಮುಖ ನೋಡಿಕೊಳ್ಳುವುದೇ? ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಮೊದಲ ಮಡಕೆಯನ್ನು ಹಿಡಿದು ಉರುಳಿಸಿದಳು. ಎರಡನೆಯದನ್ನೂ ಉರುಳಿಸಿದಳು. ಕಂದು ಬೀರು ನೊರೆಯಾಡುತ್ತ ಅಂಗಳದ ಇಳಿಜಾರಿನಲ್ಲಿ ಹರಿಯಿತು. ಹಂದಿ ಎಲ್ಲಿತ್ತೋ ಓಡಿಬಂತು. ಕಂಬಳಿ ಹೊದ್ದ ಮಡಕೆಗೆ ಕೈ ಹಾಕಲು ಆಗಲಿಲ್ಲ. ಅಲ್ಲೇ ನೆಲಕ್ಕೆ ಕುಸಿದು ಕೂತಳು.

ಅಷ್ಟರಲ್ಲಿ ನಾದಿನಿ ಪುಲೆಂಗ್ ಬಂದಳು. ತನ್ನ ಗಂಡ ತೀರಿದ ಮೇಲೆ ತವರಿನ ಅಂಗಳದಲ್ಲೇ ದುಂಡುಮನೆ ಕಟ್ಟಿಸಿಕೊಂಡು ಇದ್ದವಳು. ಮನಸ್ಸು ಒಳ್ಳೆಯದೇ, ಬಾಯಿಗೆ ಮಾತ್ರ ಮುಚ್ಚಳವಿಲ್ಲ. ಊರಿಗೆ ಡಂಗುರದವನು ಬೇಕಿರಲಿಲ್ಲ ಅಂತ ಅವಳ ಅಣ್ಣನೇ ಹೇಳುತ್ತಿದ್ದ.

“ಅಯ್ಯಯ್ಯೋ! ಏನಿದು ಅತ್ತಿಗೆ, ಹೊಳೆ ಹರಿಸಿದೀಯಾ? ಹಂದಿಗೆ ಹಬ್ಬಾನಾ ನಾಳೆ?”

“ಕೆಟ್ಟಿತ್ತು. ಚೆಲ್ಲಿದೆ.”

ಪುಲೆಂಗ್ ಉರುಳಿದ ಮಡಕೆಯ ತಳದಲ್ಲಿ ಉಳಿದಿದ್ದನ್ನು ಬೊಗಸೆಯಲ್ಲಿ ಎತ್ತಿ ಮೂಸಿದಳು, ಕುಡಿದಳು, ಇನ್ನೊಂದು ಬೊಗಸೆ ಕುಡಿದಳು. ಆಮೇಲೆ ಅತ್ತಿಗೆಯನ್ನು ದುರುಗುಟ್ಟಿ ನೋಡಿದಳು.

“ತಲೆ ನೆಟ್ಟಗಿದೆಯಾ ನಿಂಗೆ? ನನ್ನ ಅಣ್ಣನ ಆಣೆ, ಇಂಥಾ ಬೀರು ನೀನೂ ಎಂದೂ ಮಾಡಿರ್ಲಿಲ್ಲ. ಇದನ್ನ ಚೆಲ್ಲಿದ್ಯಾ?”

ಮಾಖೋತ್ಸೊ ಬೆಪ್ಪಾಗಿ ಅವಳನ್ನೇ ನೋಡಿದಳು. ಆಗ ಮನೆಯ ಹಿಂದಿನಿಂದ ಸದ್ದು ಬಂತು. ಯಾರೋ ವಾಂತಿ ಮಾಡಿಕೊಳ್ಳುತ್ತಿದ್ದರು, ಹೊಟ್ಟೆಯಲ್ಲಿ ಏನೂ ಉಳಿಯದವರು ಮಾಡಿಕೊಳ್ಳುವಂಥ ಒಣ ವಾಂತಿ.

ಒಂದೇ ಉಸಿರಿಗೆ ಅವಳಿಗೆ ಎಲ್ಲ ಹೊಳೆಯಿತು. ಎಲೆಕೋಸು ಬೇಯುವಾಗ ಹುಡುಗಿ ಎದ್ದು ಹೊರಗೆ ಹೋಗಿದ್ದು. ಮಧ್ಯಾಹ್ನ ಗೋಡೆಗೊರಗಿ ನಿದ್ದೆಹೋಗಿದ್ದು. ಮೊನ್ನೆ ಹಳ್ಳದ ದಂಡೆಯ ಕೆಮ್ಮಣ್ಣಿನ ಹೆಂಟೆ ಒಂದನ್ನು ಕಂಬಳಿಯ ಅಂಚಲ್ಲಿ ಕಟ್ಟಿಕೊಂಡು ಬಂದು ಕದ್ದು ಕಡಿಯುತ್ತಿದ್ದದ್ದು. ಕೆಟ್ಟದ್ದು ಬೀರಲ್ಲ! ಮಾಖೋತ್ಸೊಗೆ ಎದ್ದು ಕುಣಿಯಬೇಕೆನ್ನಿಸಿತು. ಮರುಗಳಿಗೆಯೇ ಹೆದರಿಕೆಯಾಯಿತು.

ಯಾಕೆಂದರೆ ಪುಲೆಂಗ್ ಕೂಡ ಕಿವಿ ನಿಮಿರಿಸಿದ್ದಳು.

“ಯಾರದು ಕಾರ್ಕೊಳ್ತಿರೋದು? ಹುಡುಗೀನಾ?” ಅವಳ ಕಣ್ಣು ಸಣ್ಣಗಾಯಿತು. “ಅತ್ತಿಗೇ... ಏನು ಸಮಾಚಾರ?” ಅನ್ನುತ್ತ ಮನೆಯ ಹಿಂದಕ್ಕೆ ಹೆಜ್ಜೆ ಇಟ್ಟೇಬಿಟ್ಟಳು.

ಹೋದ ಸಲವೂ ಹೀಗೇ ಆಗಿತ್ತು. ಬೆಳಗ್ಗೆ ಪುಲೆಂಗಳಿಗೆ ತಿಳಿದದ್ದು ಮಧ್ಯಾಹ್ನದೊಳಗೆ ನೀರಿನ ನಲ್ಲಿಯವರೆಗೆ ಹೋಗಿತ್ತು. ಊರವರೆಲ್ಲ ಬಂದು ಹುಡುಗಿಯ ಹೊಟ್ಟೆ ನೋಡಿ ಹೋಗಿದ್ದರು. ಆ ವಾರವೇ ಕೂಸು ಜಾರಿಹೋಯಿತು. ಯಾರ ಕಣ್ಣು ತಾಗಿತು ಅಂತ ಯಾರೂ ಹೇಳಲಿಲ್ಲ, ಪುಲೆಂಗಳೇ ಎಲ್ಲರಿಗಿಂತ ಹೆಚ್ಚು ಅತ್ತಳು. ಆದರೂ ಹೊಟ್ಟೆಯೊಳಗಿನದು ಗಟ್ಟಿಯಾಗುವ ತನಕ ಅದರ ಮಾತು ಹೊಸ್ತಿಲು ದಾಟಬಾರದು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಪುಲೆಂಗ್ ಈಗ ಹಿಂದಕ್ಕೆ ಹೋಗಬಾರದು. ಅವಳನ್ನು ನಿಲ್ಲಿಸಬೇಕಾದರೆ ಅವಳ ಬಾಯಿಗೆ ಇದಕ್ಕಿಂತ ದೊಡ್ಡ ತುತ್ತೇ ಬೇಕು. ಅಂಥ ತುತ್ತು ಮಾಖೋತ್ಸೊಳ ಹತ್ತಿರ ಒಂದೇ ಒಂದು ಇತ್ತು.

ನಾದಿನಿಯ ಲಂಗದ ಅಂಚು ಹಿಡಿದು ಜಗ್ಗಿದಳು. “ನಿಲ್ಲು ಪುಲೆಂಗ್. ನಂಗೆ ಮೂಗಿಲ್ಲ.”

“ಏನಿಲ್ಲ?”

“ಮೂಗು. ವಾಸನೆ. ಹೋದ ಚಳಿಗಾಲದ ಜ್ವರದಲ್ಲೇ ಹೋಯ್ತು. ಹೂವಿಗೂ ಗೊಬ್ಬರಕ್ಕೂ ನಂಗೆ ವ್ಯತ್ಯಾಸ ಗೊತ್ತಾಗಲ್ಲ. ಬೀರು ಕೆಟ್ಟಿದೆಯೋ ಏನೋ ಅಂತ ಭಯ ಬಿದ್ದು ಚೆಲ್ಬಿಟ್ಟೆ.”

ಪುಲೆಂಗ್ ನಿಂತಳು, ತಿರುಗಿದಳು. ಮನೆಯ ಹಿಂದಿನ ಸದ್ದು ಅವಳ ತಲೆಯಿಂದ ಜಾರಿದ್ದು ಮುಖದಲ್ಲೇ ಕಾಣಿಸಿತು.

“ಚಳಿಗಾಲದಿಂದ?”

“ಚಳಿಗಾಲದಿಂದ.”

“ಹಾಗಾದ್ರೆ ಕ್ರಿಸ್ಮಸ್ಸಿಗೆ ನಾನು ಮಾಡಿದ ಬೀರಿಗೆ, ಎಲ್ಲರ ಮುಂದೆ, ನಾಯಿ ಈಜಿದ ನೀರು ಅಂದ್ಯಲ್ಲ? ಮೂಗಿಲ್ದೇನೇ ಅಂದ್ಯಾ?”

“ಬಣ್ಣ ನೋಡಿ ಅಂದೆ.”

“ಬಣ್ಣ ನೋಡಿ!” ಪುಲೆಂಗ್ ಸೊಂಟಕ್ಕೆ ಕೈಯಿಟ್ಟು ಆಕಾಶ ನೋಡಿದಳು. “ಅಣ್ಣಾ, ಕೇಳಿಸ್ಕೊಂಡ್ಯಾ ನಿನ್ನ ಹೆಂಡ್ತಿ ಕತೆ? ಕುರುಡಿ ಕೈಗೆ ಕನ್ನಡಿ ಕೊಟ್ಟು ನಾವೆಲ್ಲ ಮುಖ ಹೇಗಿದೆ ಅಂತ ಕೇಳ್ತಿದ್ವಲ್ಲಪ್ಪ!” ಆಮೇಲೆ ನೆನಪಾದವಳಂತೆ, “ಹುಡುಗೀಗೇನಾಗಿದೆ?” ಅಂದಳು.

“ನಿನ್ನೆಯ ಹುರುಳಿಕಾಯಿ ಹಳಸಿತ್ತು. ಅದೂ ನಂಗೆ ಗೊತ್ತಾಗ್ಲಿಲ್ಲ.”

“ಅಯ್ಯೋ ಪಾಪ,” ಅಂದಳು ಪುಲೆಂಗ್. ಕಾಲು ಆಗಲೇ ಬಾಗಿಲ ಕಡೆಗೆ ತಿರುಗಿತ್ತು. ಅಂಥ ಬಿಸಿ ಸುದ್ದಿಯನ್ನು ಹೊತ್ತುಕೊಂಡು ಹೆಚ್ಚು ಹೊತ್ತು ನಿಲ್ಲುವುದು ಅವಳಿಂದ ಸಾಧ್ಯವಿರಲಿಲ್ಲ.

ಮಾಖೋತ್ಸೊ ಎದ್ದು ಹಿಂದಕ್ಕೆ ಹೋದಳು. ಪೀಚ್ ಮರದ ಬುಡದಲ್ಲಿ ಸೊಸೆ ಮೊಣಕಾಲೂರಿ ಕೂತಿದ್ದಳು. ಏನೂ ಕೇಳದೆ ಅವಳ ಹಣೆ ಹಿಡಿದುಕೊಂಡಳು, ನೀರು ಕೊಟ್ಟಳು, ಒಳಗೆ ಕರೆದೊಯ್ದು ಮಲಗಿಸಿ ಬಾಗಿಲು ಹಾಕಿದಳು.

ಮಧ್ಯಾಹ್ನದ ಹೊತ್ತಿಗೆ ಹೆಂಗಸರು ಬರತೊಡಗಿದರು, ತಲೆಯ ಮೇಲೆ ಮಡಕೆ, ಕೈಯಲ್ಲಿ ಬಕೆಟ್ಟು. ಯಾರ ಮನೆಯಲ್ಲಿ ಎಷ್ಟು ಬೀರು ಇತ್ತೋ ಅಷ್ಟು. ನಗುವನ್ನೂ ಕನಿಕರವನ್ನೂ ಒಟ್ಟಿಗೇ ತಂದಿದ್ದರು, ಯಾವುದನ್ನು ಮೊದಲು ಕೊಡಬೇಕು ಅಂತ ಅವರಿಗೇ ತಿಳಿಯದಿದ್ದ ಹಾಗಿತ್ತು. “ತಗೋ ಅಕ್ಕ, ಬಣ್ಣ ನೋಡಿ ಹೇಳು, ಹೇಗಿದೆ?” ಅಂದಳೊಬ್ಬಳು. ಸೋಪಿನ ವಿಷಯಕ್ಕೆ ಒಮ್ಮೆ ಬೈಸಿಕೊಂಡಿದ್ದವಳು ಎರಡು ಮಡಕೆ ತಂದು, “ಈ ಸಲ ಬೂದಿ ಹಾಕಿ ತೊಳ್ದಿದೀನಿ” ಅಂತ ಮೆಲ್ಲಗೆ ಹೇಳಿ ಇಟ್ಟುಹೋದಳು. ಮಾಖೋತ್ಸೊ ಪ್ರತಿಯೊಬ್ಬರಿಗೂ ಎರಡೂ ಕೈಯೊಡ್ಡಿ, ಒಳ್ಳೆದಾಯ್ತಮ್ಮ, ಒಳ್ಳೆದಾಯ್ತು ಅಂದಳು. ತೀರ್ಪು ಕೇಳಲು ಇನ್ನು ಯಾರೂ ಅವಳ ಬಾಗಿಲಿಗೆ ಬರುವುದಿಲ್ಲ. ಅದು ಅವಳಿಗೆ ನೋವೇ ಆಯಿತು. ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಹಿಂದೆ ಅಂದದ್ದೆಲ್ಲ ನೆನಪಾಗಿ ನಾಚಿಕೆಯೂ ಆಯಿತು. ಕಂಬಳಿ ಹೊದ್ದ ಮಡಕೆಯ ಪಕ್ಕದಲ್ಲೇ ಬೇರೆ ಮನೆಗಳ ಮಡಕೆಗಳನ್ನು ಸಾಲಾಗಿ ಇಡಿಸಿದಳು. “ಮಣ್ಣಿಗೆ ನನ್ನದೇ ಎರಿತೀನಿ,” ಅಂತ ಗಂಡನಿಗೆ ಹೇಳಿದಳು, “ಬಂದೋರಿಗೆ ಊರಿಂದು. ಎದ್ದು ಬರೋದಾದ್ರೆ ಬಾ, ಜಗಳ ಆಡೋಣ.”

ಬಿಸಿಲು ಗುಡ್ಡದ ಹಿಂದೆ ಸರಿದು ಹೆಂಗಸರ ಸದ್ದಡಗಿದ ಮೇಲೆ ಸೊಸೆಗೆ ಉಪ್ಪುಗಂಜಿ ತೆಗೆದುಕೊಂಡು ಒಳಗೆ ಹೋದಳು. ಹುಡುಗಿ ಎದ್ದು ಕೂತಿದ್ದಳು. ಅತ್ತು ಕಣ್ಣು ಊದಿತ್ತು.

“ಅತ್ತೆ, ಅವರೆಲ್ಲ ಅಂದದ್ದು ಕೇಳಿಸ್ತು. ಯಾಕೆ ಹೇಳ್ಬಿಟ್ರಿ? ಇಷ್ಟು ದಿನ ಕಾಪಾಡ್ಕೊಂಡು ಬಂದಿದ್ದನ್ನ!”

“ಪುಲೆಂಗ್ ಬಾಯಿಗೆ ಏನಾದ್ರೂ ಹಾಕ್ಬೇಕಿತ್ತು. ನಿನ್ನದು ಹಾಕೋಕಾಗುತ್ತಾ? ನನ್ನದು ಹಾಕ್ದೆ.” ಗಂಜಿಯ ಬಟ್ಟಲನ್ನು ಅವಳ ಕೈಗಿಟ್ಟಳು. ಆಮೇಲೆ ಸೊಸೆ ಅಂದದ್ದು ನಿಧಾನಕ್ಕೆ ತಲೆಗೆ ಹೋಯಿತು. “ಇಷ್ಟು ದಿನ ಕಾಪಾಡ್ಕೊಂಡು... ನಿಂಗೆ ಗೊತ್ತಿತ್ತಾ?”

ಮಾದಿಂಫೊ ತಲೆ ತಗ್ಗಿಸಿದಳು. “ಚಳಿಗಾಲದಿಂದ ಗೊತ್ತು. ಒಂದಿನ ಹಾಲು ಸೀದು ಕರಕಲಾಗಿ ಮನೆಯೆಲ್ಲ ವಾಸನೆ. ನೀವು ಒಲೆ ಪಕ್ಕದಲ್ಲೇ ಕೂತು ಕಾಳು ಬಿಡಿಸ್ತಿದ್ರಿ.”

“ಬಾಯಿ ಬಿಡಲಿಲ್ಲ ನೀನು?”

“ನೀವೇ ಬಿಡಲಿಲ್ಲ, ನಾನು ಹೇಗೆ ಬಿಡಲಿ? ಮುಚ್ಚಳ ತೆಗೆದಾಗೆಲ್ಲ ನೀವು ಮಡಕೆ ನೋಡ್ತಿರ್ಲಿಲ್ಲ, ನನ್ನೇ ನೋಡ್ತಿದ್ರಿ. ಅದಕ್ಕೇ ನಾನು ಮುಖಾನ ಸ್ವಲ್ಪ ದೊಡ್ಡದಾಗೇ ಮಾಡ್ತಿದ್ದೆ. ನಿಮಗೆ ಸರಿಯಾಗಿ ಕಾಣ್ಲಿ ಅಂತ.”

ಅರಳಿದ ಹುಬ್ಬು, ಸೊಟ್ಟಗಾದ ತುಟಿ, ಪೀಚ್ ಹಣ್ಣಿನ ಹಾಗೆ ಸುಕ್ಕಿದ ಮುಖ, ಎಲ್ಲ ಮಾಖೋತ್ಸೊಳ ಕಣ್ಣ ಮುಂದೆ ಬಂದವು. ಇವಳಿಗೆ ಏನೂ ಮುಚ್ಚಿಡಲು ಬರುವುದಿಲ್ಲ ಅಂತ ನಕ್ಕಿದ್ದು ತಾನೇ ಅಲ್ಲವೇ?

“ಇವತ್ತು ಬೀರು ಚೆನ್ನಾಗಿತ್ತು ಅತ್ತೆ,” ಅಂದಳು ಮಾದಿಂಫೊ. “ಮಾವನ ದಿನದ ಬೀರು, ನಂಗೆ ಗೊತ್ತಿತ್ತು. ಚೆನ್ನಾಗಿದೆ ಅನ್ನೋ ಮುಖ ಮಾಡೋಕೆ ಎಷ್ಟು ಕಷ್ಟಪಟ್ಟೆ! ಮೂರು ಮಡಕೆಗೂ ಪ್ರಯತ್ನಪಟ್ಟೆ. ಇದು ಬಿಡಲೇ ಇಲ್ಲ.” ಬಟ್ಟಲು ಹಿಡಿಯದ ಕೈಯಿಂದ ಹೊಟ್ಟೆ ಮುಟ್ಟಿಕೊಂಡು ತೋರಿಸಿದಳು.

ಮಾಖೋತ್ಸೊ ಆ ಕೈಯನ್ನು ನೋಡಿದಳು. ಆಮೇಲೆ ತನ್ನ ಕಂಬಳಿ ತೆಗೆದು ಸೊಸೆಗೆ ಹೊದಿಸಿ, ಹೆಗಲ ಮೇಲೆ ಪಿನ್ನು ಚುಚ್ಚಿದಳು.

“ನಾಳೆ ಮಡಕೆ ಹತ್ರ ಸುಳೀಬೇಡ,” ಅಂದಳು. “ಗಾಳಿ ಬರೋ ಕಡೆ ಕೂತ್ಕೋ. ಯಾರಾದ್ರೂ ಕೇಳಿದ್ರೆ ಹುರುಳಿಕಾಯಿ ಅನ್ನು.”